ಕಾಂಟ್ಯಾಕ್ಟ್ ಕಾಕಾ

ವಿಜ್ಞಾನ ಸಮ್ಮೇಳನಗಳಿಗೆ ಕೆಲವರು ಪ್ರಬಂಧ ಓದಲು ಹೋಗುತ್ತಾರೆ, ಕೆಲವರು ಓದಿದ್ದನ್ನು ಕೇಳಲು ಹೋಗುತ್ತಾರೆ. ನಮ್ಮ ಲಕ್ಕಲಕಟ್ಟಿಯ ಕಾಂಟ್ಯಾಕ್ಟ್ ಕಾಕಾ ಹೋಗುವುದು ಭೆಟ್ಟಿಯಾಗಲು. ಯಾರನ್ನು ಎಂದು ಮೊದಲೇ ಕೇಳಬಾರದು. ಅದು ಅಲ್ಲಿಗೆ ಹೋಗಿ, ಯಾರ ಕೊರಳಲ್ಲಿ ಯಾವ ಬಣ್ಣದ ಬ್ಯಾಡ್ಜಿದೆ ಎಂದು ನೋಡಿದ ಮೇಲೆ ತೀರ್ಮಾನವಾಗುವ ಸಂಗತಿ.

ಕಾಕಾ ಎಂದ ಮಾತ್ರಕ್ಕೆ ವಯಸ್ಸಾದವರಲ್ಲ, ನನಗಿಂತ ನಾಲ್ಕಾರು ವರ್ಷ ಹಿರಿಯರು ಅಷ್ಟೇ. ಊರಿನಿಂದ ಧಾರವಾಡಕ್ಕೆ ಹೋಗಿ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವರು, ಈಗ ಅತಿಥಿ ಉಪನ್ಯಾಸಕರು. ಅವರ ಹೆಸರು ಇಲ್ಲಿ ಬೇಡ. ಹೇಳಿದರೂ ಉಪಯೋಗವಿಲ್ಲ, ಏಕೆಂದರೆ ನಿಮ್ಮ ಕಾಲೇಜಿನಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಹಿಂದಿನ ಸಮ್ಮೇಳನದಲ್ಲಿ ಕೊಟ್ಟ ಚೀಲವನ್ನೇ ಹೆಗಲಿಗೇರಿಸಿ ಮುಂದಿನ ಸಮ್ಮೇಳನಕ್ಕೆ ಬರುವವರು. ಅಂಗಿಗೆ ಎರಡು ಜೇಬು: ಬಲಗಡೆಯದು ಕೊಡುವ ಕಾರ್ಡಿಗೆ, ಎಡಗಡೆಯದು ಬಂದ ಕಾರ್ಡಿಗೆ. ಕಾರ್ಡಿನ ಮೇಲೆ ‘ಸಂಶೋಧಕರು, ಸಂಪನ್ಮೂಲ ವ್ಯಕ್ತಿ, ಮಾರ್ಗದರ್ಶಕರು’ ಎಂದಿರುತ್ತದೆ. ಅತಿಥಿ ಎಂಬ ಮಾತು ಮಾತ್ರ ಇರುವುದಿಲ್ಲ.

ಕಾಕಾನ ಉಪದೇಶ ಗಜೇಂದ್ರಗಡದ ಬಸ್‌ ಸ್ಟ್ಯಾಂಡಿನಲ್ಲಿ ಶುರುವಾದರೆ ನರೇಗಲ್ಲ ದಾಟಿ ಗದಗ ಬಂದರೂ ಮುಗಿಯುವುದಿಲ್ಲ. “ತಮ್ಮಾ, ಮಾರ್ಕ್ಸು ಎಲ್ಲಾರೂ ತಗೋತಾರ. ನಿನ್ನ ಗುರ್ತು ಯಾರಿಗೈತಿ ಅನ್ನೂದ ಮುಖ್ಯ. ಕಾಂಟ್ಯಾಕ್ಟ್ ಇಲ್ಲದ ಸೈನ್ಸು ದಂಡಪಾ.” ಇದನ್ನು ಕಿಟಕಿಯ ಸೀಟಿನಲ್ಲಿ ತಾವು ಕುಳಿತು, ಪೋಸ್ಟರಿನ ಸುರುಳಿ ಹಿಡಿದು ನಿಂತ ನನಗೆ ಹೇಳುತ್ತಾರೆ. ಪೋಸ್ಟರ್ ಮಡಚಬಾರದು, ಹಾಗಾಗಿ ನಾನು ಕೂರಬಾರದು. ಇದು ಅವರ ತರ್ಕ.

ಈ ಸ್ವಭಾವಕ್ಕೆ ಪೂರ್ತಿ ಅವರನ್ನೇ ದೂರಿದರೆ ನ್ಯಾಯವಲ್ಲ. ಅವರು ಓದು ಮುಗಿಸಿ ಹೊರಬಂದ ಕಾಲಕ್ಕೆ ಸರಿಯಾಗಿ, 2010ರಲ್ಲಿ, ವಿಶ್ವವಿದ್ಯಾಲಯ ಅನುದಾನ ಆಯೋಗದ ಹೊಸ ನಿಯಮಗಳು ಬಂದವು. ಅಧ್ಯಾಪಕರಾಗುವವರು ಪ್ರಬಂಧ ಮಂಡಿಸಿದರೆ ಇಷ್ಟು ಅಂಕ, ಅಂತರರಾಷ್ಟ್ರೀಯವಾದರೆ ಇನ್ನಷ್ಟು ಅಂಕ ಎಂಬ ಲೆಕ್ಕ. ಅಲ್ಲಿಂದ ಊರೂರಿಗೆ ಸಮ್ಮೇಳನಗಳು ಹುಟ್ಟಿದವು. ನೇಪಾಳದಿಂದ ಒಬ್ಬರು ಬಂದರೆ ಅಂತರರಾಷ್ಟ್ರೀಯ. ಕಾಕಾ ಆ ದಿನಗಳ ಪ್ರಮಾಣಪತ್ರಗಳನ್ನು ಲ್ಯಾಮಿನೇಷನ್ ಮಾಡಿಸಿ ಜೋಳದ ಚೀಲಗಳ ಪಕ್ಕದ ಟ್ರಂಕಿನಲ್ಲಿಟ್ಟಿದ್ದಾರೆ. 2020ರ ಲಾಕ್‌ಡೌನಿನಲ್ಲಿ ವೆಬಿನಾರುಗಳ ಸುಗ್ಗಿ ಬಂತಲ್ಲ, ಆಗ ಫಾರ್ಮ್ ತುಂಬಿದರೆ ಸಾಕು, ಪ್ರಮಾಣಪತ್ರ ಮೊಬೈಲಿಗೇ ಬರುತ್ತಿತ್ತು. ಆ ವರ್ಷ ಟ್ರಂಕು ಸಾಲದೆ ಬೀರು ಬಂತು.

ಕಾಕಾನ ಜೀವನದ ಮಹಾಯಾತ್ರೆಯೆಂದರೆ 2016ರ ಜನವರಿಯ ಮೈಸೂರು. ಮಾನಸಗಂಗೋತ್ರಿಯಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ 103ನೆಯ ಅಧಿವೇಶನ. ಪ್ರಧಾನಿ ಬಂದಿದ್ದರು, ನೊಬೆಲ್ ಪುರಸ್ಕೃತರು ಬಂದಿದ್ದರು, ಕಾಕಾನೂ ಬಂದಿದ್ದರು. ನೊಬೆಲ್ ಪುರಸ್ಕೃತರ ಜೊತೆಗಿನ ಅವರ ಫೋಟೋ ಊರಿನಲ್ಲಿ ನೋಡದವರಿಲ್ಲ. ಅದರಲ್ಲಿ ಕಾಕಾ ಪೂರ್ತಿ ಇದ್ದಾರೆ, ನೊಬೆಲ್ಲಿನದು ಎಡಭುಜ ಮಾತ್ರ ಇದೆ. ಅದೇ ವಾರ, 2009ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ವೆಂಕಟರಾಮನ್ ರಾಮಕೃಷ್ಣನ್ ಅವರು ಈ ಕಾಂಗ್ರೆಸ್ ಒಂದು ಸರ್ಕಸ್ಸು, ಅಲ್ಲಿ ವಿಜ್ಞಾನದ ಚರ್ಚೆ ತೀರಾ ಕಡಿಮೆ, ಇನ್ನು ತಾವು ಹೋಗುವುದಿಲ್ಲ ಎಂದು ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ನಾನು ಅದನ್ನು ಖುಷಿಯಿಂದ ಓದಿ ಹೇಳಿದೆ. ಕಾಕಾ ಚಾ ಕುಡಿಯುವುದನ್ನು ನಿಲ್ಲಿಸಲಿಲ್ಲ. “ಸರ್ಕಸ್ಸಿಗೂ ಪಾಸ್ ಬೇಕಲ್ಲೋ ತಮ್ಮಾ” ಎಂದರು.

ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ನನ್ನ ಪೋಸ್ಟರಿನ ಪ್ರಕರಣ.

ಆಗ ನಾನು ಎಂ.ಎಸ್ಸಿ. ವಿದ್ಯಾರ್ಥಿ. ನಮ್ಮ ಗದಗ ಜಿಲ್ಲೆಯಲ್ಲಿ, ಮುಂಡರಗಿ ಭಾಗದಲ್ಲಂತೂ, ಬೋರಿನ ನೀರಿನಲ್ಲಿ ಫ್ಲೋರೈಡಿನ ಕಾಟ ಹಳೆಯದು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಅದು ಲೀಟರಿಗೆ 1 ಮಿಲಿಗ್ರಾಂ ಇರಬಹುದು; ಬೇರೆ ನೀರಿನ ಗತಿಯೇ ಇಲ್ಲದಿದ್ದರೆ 1.5ರವರೆಗೆ. ಅದು ಮೀರಿದ ನೀರು ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಹಲ್ಲು ಕಂದುತ್ತದೆ, ಇನ್ನೂ ಹೆಚ್ಚಾದರೆ ಎಲುಬು ಬಿಗಿಯುತ್ತದೆ. ಹಳ್ಳಿ ಹಳ್ಳಿ ತಿರುಗಿ, ಬಾಟಲಿಗೆ ನೀರು ತುಂಬಿ, ಅಳೆದು ಒಂದು ಪೋಸ್ಟರ್ ಮಾಡಿದ್ದೆ. ಧಾರವಾಡದ ಕಡೆಯ ಒಂದು ಸಮ್ಮೇಳನದಲ್ಲಿ ಅದನ್ನು ತೂಗುಹಾಕಿ, ಇಸ್ತ್ರಿಯ ಅಂಗಿ ತೊಟ್ಟು ಪಕ್ಕದಲ್ಲಿ ನಿಂತಿದ್ದೆ. ಬೆಳಿಗ್ಗೆಯಿಂದ ನನ್ನ ಬಳಿ ಬಂದದ್ದು ಇಬ್ಬರೇ: ನೀರಿನ ಕ್ಯಾನು ಇಡಲು ಬಂದವರೊಬ್ಬರು, ಊಟದ ಹಾಲ್ ಎಲ್ಲಿ ಎಂದು ಕೇಳಿದವರೊಬ್ಬರು.

ಆಮೇಲೆ ಬಂದರು, ಬಿಳಿಗಡ್ಡದ ಹಿರಿಯ ಭೂಜಲ ವಿಜ್ಞಾನಿ. ಕನ್ನಡಕ ಹಣೆಗೇರಿಸಿ, ಬಗ್ಗಿ, ನಕ್ಷೆಯ ಮೇಲೆ ಬೆರಳಿಟ್ಟರು. “ಈ ಎರಡು ಬೋರು ಅಕ್ಕಪಕ್ಕದಲ್ಲೇ ಇವೆ. ಕಲ್ಲೂ ಒಂದೇ. ಹಾಗಿದ್ದರೆ ಇದರಲ್ಲಿ ಹೆಚ್ಚು, ಅದರಲ್ಲಿ ಕಡಿಮೆ ಯಾಕೆ?” ನನ್ನ ಎದೆ ಹೊಡೆದುಕೊಂಡಿತು. ನನ್ನ ಕೆಲಸವನ್ನು ಒಬ್ಬರು ನಿಜವಾಗಿ ಓದಿ ಕೇಳಿದ ಮೊದಲ ಪ್ರಶ್ನೆ ಅದು. ನಾನು ಬಾಯಿ ತೆರೆದೆ.

“ಸರ್, ಒಂದ್ ನಿಮಿಷ!” ಕಾಕಾ ಎಲ್ಲಿದ್ದರೋ, ಪ್ರತ್ಯಕ್ಷರಾದರು. “ನಾವು ಲಕ್ಕಲಕಟ್ಟಿಯವರ್ರಿ.”

“ಅದು ಎಲ್ಲಿ ಬರುತ್ತೆ?” ಹಿರಿಯರು ಸೌಜನ್ಯಕ್ಕೆ ಕೇಳಿದರು. ಸೌಜನ್ಯ ಇಂಥ ಕಡೆ ದುಬಾರಿ.

“ಗಜೇಂದ್ರಗಡ ಗೊತ್ತಲ್ರೀ ಸರ್? ಕೋಟೆ ಐತಿ, ಕಾಲಕಾಲೇಶ್ವರ ಐತಿ, ಗುಡ್ಡದ ಮ್ಯಾಲೆ ಗಾಳಿ ಪಂಖಾ ಅದಾವು. ಮೊದಲ ರೋಣ ತಾಲೂಕಿನಾಗ ಇತ್ರಿ. ಭೀಮಸೇನ ಜೋಶಿಯವರೂ ನಮ್ಮ ಕಡೆಯವರ ಅಲ್ರೀ…” ಪಂಡಿತ್ ಭೀಮಸೇನ ಜೋಶಿಯವರಿಂದ ನೇರ ಕಾರ್ಡಿಗೆ ಬಂದರು. ಕೊಟ್ಟರು, ಇಸಿದುಕೊಂಡರು, ಎಡಜೇಬಿಗಿಟ್ಟರು. ನಂತರ ಫೋಟೋ. ಮೊದಲನೆಯದರಲ್ಲಿ ಹಿರಿಯರ ಕಣ್ಣು ಮುಚ್ಚಿತ್ತು. ಎರಡನೆಯದರಲ್ಲಿ ಕಾಕಾನ ಬ್ಯಾಡ್ಜು ತಿರುವುಮುರುವು. ಮೂರನೆಯದಕ್ಕೆ ಸಜ್ಜಾಗುವಾಗ ಸ್ವಯಂಸೇವಕರು ಬಂದು “ಸರ್, ಊಟ” ಎಂದು ಹಿರಿಯರನ್ನು ಕರೆದೊಯ್ದರು. ಪ್ರಶ್ನೆ ಫ್ಲೆಕ್ಸಿನ ಮೇಲೆಯೇ ಉಳಿಯಿತು.

ಸಂಜೆ ಕಾಕಾನ ಸ್ಟೇಟಸ್ಸಿನಲ್ಲಿ ‘ಫ್ರೂಟ್‌ಫುಲ್ ಡಿಸ್ಕಷನ್ ವಿತ್ ಎಮಿನೆಂಟ್ ಸೈಂಟಿಸ್ಟ್’ ಎಂದು ಆ ಫೋಟೋ ಬಂತು. ಕಾಕಾ ಇದ್ದರು, ಹಿರಿಯರು ಇದ್ದರು, ನನ್ನ ಪೋಸ್ಟರಿನ ಮೇಲೆ ‘ಫ್ಲೋ’ ಎಂಬ ಅಕ್ಷರವಿತ್ತು. ನಾನಿರಲಿಲ್ಲ. ಫೋಟೋ ತೆಗೆದವನೇ ನಾನು.

ಹಿರಿಯರ ಪ್ರಶ್ನೆಗೆ ಉತ್ತರ ಅಂದು ಮಧ್ಯಾಹ್ನವೇ ಸಿಕ್ಕಿತ್ತು, ಪಕ್ಕದ ಪೋಸ್ಟರಿನಲ್ಲಿ. ಅಲ್ಲಿ ಬಳ್ಳಾರಿ ಕಡೆಯ ವಿದ್ಯಾರ್ಥಿನಿಯೊಬ್ಬರು ನನ್ನ ಹಾಗೆಯೇ ಬೆವರುತ್ತ ನಿಂತಿದ್ದರು. ಕಾಕಾ ಅವರನ್ನು ಆಗಲೇ ತಳ್ಳಿಹಾಕಿದ್ದರು: “ಸ್ಟೂಡೆಂಟ್ ಅದಾಳ, ಕಾರ್ಡ್ ಇಲ್ಲ.” ನಾನು ಮುಖ ಸಪ್ಪಗೆ ಮಾಡಿದ್ದನ್ನು ನೋಡಿ ಆ ವಿದ್ಯಾರ್ಥಿನಿಯೇ ಕೇಳಿದರು: “ಕ್ಯಾಲ್ಸಿಯಂ ಅಳೆದಿದ್ದೀರಾ?” ಅಳೆದಿದ್ದೆ, ಗಡಸುತನದ ಲೆಕ್ಕಕ್ಕೆಂದು ವಹಿಯಲ್ಲಿ ಬರೆದಿಟ್ಟಿದ್ದೆ. ಕ್ಯಾಲ್ಸಿಯಂ ಹೆಚ್ಚಿರುವ ನೀರಿನಲ್ಲಿ ಫ್ಲೋರೈಡು ಅದರೊಂದಿಗೆ ಕೂಡಿ ಕೆಳಗೆ ಕೂರುತ್ತದೆ. ಸೋಡಿಯಂ, ಬೈಕಾರ್ಬೊನೇಟ್ ಹೆಚ್ಚಿರುವ ನೀರಿನಲ್ಲಿ ಕರಗಿಯೇ ಉಳಿಯುತ್ತದೆ. ಊಟದ ಪಾಳಿಯಲ್ಲಿ ನಿಂತೇ ಕೂಪನ್ನಿನ ಹಿಂಬದಿಗೆ ಎರಡೂ ಅಂಕಿಗಳನ್ನು ಎದುರುಬದುರು ಬರೆದೆವು. ಒಂದು ಏರಿದಲ್ಲಿ ಇನ್ನೊಂದು ಇಳಿದಿತ್ತು. ಆ ಕೂಪನ್ ಕೊಟ್ಟು ಊಟ ಪಡೆಯಬೇಕಿತ್ತು. ಕೊಡಲಿಲ್ಲ, ಹೊರಗೆ ಹೋಗಿ ಗಿರಮಿಟ್ಟು ತಿಂದೆ.

ಸಮ್ಮೇಳನದಿಂದ ತರಬೇಕಾದದ್ದು ಏನು ಎನ್ನುವುದಕ್ಕೆ ಸಿ.ವಿ. ರಾಮನ್ ಅವರಿಗಿಂತ ದೊಡ್ಡ ಸಾಕ್ಷಿ ಬೇಡ. 1921ರಲ್ಲಿ ಅವರು ವಿಶ್ವವಿದ್ಯಾಲಯಗಳ ಸಮ್ಮೇಳನಕ್ಕೆಂದು ಆಕ್ಸ್‌ಫರ್ಡಿಗೆ ಹೋದರು. ಮರಳುವಾಗ ಹಡಗಿನ ಮೇಲೆ ನಿಂತು ಮೆಡಿಟರೇನಿಯನ್ ಸಮುದ್ರದ ನೀಲಿ ಯಾಕೆ ಹೀಗಿದೆ ಎಂಬ ಪ್ರಶ್ನೆ ಕಟ್ಟಿಕೊಂಡು ಬಂದರು. ಆ ಪ್ರಶ್ನೆಯ ಬೆನ್ನು ಹತ್ತಿ ಸಿಕ್ಕಿದ ಹೊಸ ಬೆಳಕಿನ ಸಂಗತಿಯನ್ನು 1928ರ ಮಾರ್ಚ್ 16ರಂದು ವಿವರವಾಗಿ ಹೇಳಿದ್ದು ನಮ್ಮ ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. ಇದನ್ನು ಕಾಕಾನಿಗೆ ಹೇಳಿದಾಗ ಅವರು ಕೇಳಿದ್ದು, “ಹಡಗಿನಾಗ ಮತ್ತ ಯಾರ್‍ಯಾರು ಇದ್ರು?”

ಇಷ್ಟು ಬೈದ ಮೇಲೆ ಇನ್ನೊಂದು ಮಾತು ಹೇಳದಿದ್ದರೆ ನನ್ನ ಹೊಟ್ಟೆಗೆ ಅನ್ನ ದಕ್ಕುವುದಿಲ್ಲ. ನಮ್ಮೂರ ಹುಡುಗಿಯೊಬ್ಬಳಿಗೆ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಸಿಕ್ಕಿತು. ಎರಡು ತಿಂಗಳು ಬೆಂಗಳೂರಿನ ಪ್ರಯೋಗಾಲಯ. ಅಪ್ಪ ಒಲ್ಲೆ ಎಂದರು: ಗುರುತಿಲ್ಲದ ಊರು, ಎಲ್ಲಿ ಇರುತ್ತಾಳೆ, ಯಾರು ನೋಡುತ್ತಾರೆ? ಕಾಕಾ ಅವರ ಕಟ್ಟೆಯ ಮೇಲೆ ಕುಳಿತು ಎಡಜೇಬು ಬರಿದು ಮಾಡಿದರು. ದೊಡ್ಡ ದೊಡ್ಡ ಕಾರ್ಡುಗಳಿಗೆಲ್ಲ ಫೋನ್ ಹೋಯಿತು. ನಿರ್ದೇಶಕರು ಮೀಟಿಂಗಿನಲ್ಲಿದ್ದರು, ಪ್ರೊಫೆಸರರಿಗೆ ಕಾಕಾ ಯಾರೆಂದು ನೆನಪಿರಲಿಲ್ಲ. ಕಡೆಗೆ ಎತ್ತಿದ್ದು ಒಂದೇ ನಂಬರು, ಹಿಂದೊಮ್ಮೆ ಊಟದ ಪಾಳಿಯಲ್ಲಿ ಕಾಕಾನ ಮುಂದೆ ನಿಂತಿದ್ದ ಹಾಸ್ಟೆಲ್ಲಿನ ಗುಮಾಸ್ತರೊಬ್ಬರದು. “ಕಳಸ್ರಿ ಯಜಮಾನ್ರ, ನಮ್ಮ ಮಗಳ ಇದ್ದಂಗ” ಎಂದು ಅವರೇ ಅಪ್ಪನಿಗೆ ಹೇಳಿದರು. ಮರುವಾರ ಗದಗ ಸ್ಟೇಷನ್ನಿನ ತನಕ ಆಕೆಯ ಚೀಲ ಹೊತ್ತು ಹೋದವರು ಕಾಕಾ. ಅವತ್ತು ಫೋಟೋ ತೆಗೆಸಿಕೊಳ್ಳಲಿಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಇದನ್ನೇ ಹೇಳುತ್ತದೆ. ಪರಿಚಯದಿಂದ ಕೆಲಸ ಸಿಕ್ಕವರನ್ನು ಅವರು ವಿಚಾರಿಸಿದಾಗ, ಕೆಲಸದ ಸುದ್ದಿ ಕೊಟ್ಟವರನ್ನು ಆಗಾಗ ಭೇಟಿಯಾಗುತ್ತಿದ್ದವರು ನೂರಕ್ಕೆ 17ರಷ್ಟು ಮಾತ್ರ. ಮಿಕ್ಕವರಿಗೆ ನೆರವಾದವರು ಆಗೊಮ್ಮೆ ಈಗೊಮ್ಮೆ ಇಲ್ಲವೇ ಅಪರೂಪಕ್ಕೊಮ್ಮೆ ಕಂಡವರು. ಹಳ್ಳಿಯ ಹುಡುಗರಿಗೆ ಇದು ಮುಖ್ಯವಾದ ಮಾತು. ನಮ್ಮ ಹತ್ತಿರದವರೆಲ್ಲ ನಮ್ಮ ಹಾಗೆಯೇ ಕಡಲೆ ರಾಶಿಯ ಚಿಂತೆಯಲ್ಲಿರುತ್ತಾರೆ. ಫೆಲೋಶಿಪ್ಪಿನ ಕೊನೆಯ ದಿನಾಂಕ ಯಾರಿಗೂ ಗೊತ್ತಿರುವುದಿಲ್ಲ. ಅದನ್ನು ಹೇಳುವವರು ಬೇರೆ ಊರಿನ ಅರೆಪರಿಚಿತರೇ. ಹಾಗೆ ನೋಡಿದರೆ ಕಾಕಾನ ಸಿದ್ಧಾಂತ ಸರಿ, ವಿಳಾಸ ತಪ್ಪು. ಇಷ್ಟು ವರ್ಷ ವೇದಿಕೆಯ ಕಡೆ ನೋಡುತ್ತ ನಿಂತದ್ದರಿಂದ ಅವರಿಗೆ ನೌಕರಿ ಕಾಯಂ ಆಗಲಿಲ್ಲ. ಪಾಳಿಯಲ್ಲಿ ಹಿಂದೆ ಮುಂದೆ ನಿಂತವರಿಂದ ಊರಿನ ಮಕ್ಕಳಿಗೆ ದಾರಿಯಾಯಿತು. ಅದನ್ನು ಅವರು ತಮ್ಮ ಕಾರ್ಡಿನಲ್ಲಿ ಬರೆದುಕೊಂಡಿಲ್ಲ, ಬರೆದುಕೊಳ್ಳಬೇಕಿತ್ತು.

ಸಮ್ಮೇಳನಕ್ಕೆ ಹೊರಟ ವಿದ್ಯಾರ್ಥಿಗಳಿಗೆ ನನ್ನದು ಸಣ್ಣ ವಿನಂತಿ. ವಿದ್ಯಾರ್ಥಿಗಳಿಗೆ ಶುಲ್ಕದಲ್ಲಿ ರಿಯಾಯಿತಿ ಇದೆಯೇ ಎಂದು ನಾಚದೆ ಕೇಳಿ. ಸಾರಾಂಶಗಳ ಪುಸ್ತಕ ಮೊದಲೇ ಓದಿ, ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ಯಾರೂ ಬಾರದ ಪೋಸ್ಟರಿನ ಮುಂದೆ ಹೋಗಿ ನಿಲ್ಲಿ. ನಾಳೆ ನಿಮ್ಮದರ ಮುಂದೆ ನಿಲ್ಲುವವರು ಅವರೇ. ಅಲ್ಲಿ ನಮ್ಮ ಕಾಕಾ ಸಿಕ್ಕರೆ ಓಡಬೇಡಿ, ಕಾರ್ಡು ಇಸಿದುಕೊಳ್ಳಿ, ಫೋಟೋಕ್ಕೂ ನಿಲ್ಲಿ. ಆದರೆ ಎದುರಿನವರು ಕೇಳಿದ ಪ್ರಶ್ನೆಗೆ ಉತ್ತರ ಹೇಳಿ ಮುಗಿಯುವ ತನಕ ಕಾಕಾನ ಮೊಬೈಲನ್ನು ಮಾತ್ರ ಕೈಗೆ ತೆಗೆದುಕೊಳ್ಳಬೇಡಿ.