ಇನ್ನೂ ಬಳಸುತ್ತಿದ್ದೇನೆ

ನಮ್ಮ ಕಾಲದ ಗದ್ಯಪ್ರಕಾರಗಳಲ್ಲಿ ವಿಮರ್ಶಕರ ಕೃಪಾಕಟಾಕ್ಷಕ್ಕೆ ಇದುವರೆಗೂ ಪಾತ್ರವಾಗದೆ ಉಳಿದಿರುವುದು ಒಂದುಂಟು. ತಂತ್ರಾಂಶಗಳ ಹೊಸ ಆವೃತ್ತಿಯೊಡನೆ ಬರತಕ್ಕ 'ರಿಲೀಸ್ ನೋಟ್ಸ್' ಎಂಬುದೇ ಅದು. ಆತ್ಮಚರಿತ್ರೆಯನ್ನು ಬರೆಯುವ ಮಹನೀಯರು ತಮ್ಮ ದೋಷಗಳನ್ನು, ಅವು ಗುಣಗಳಂತೆ ಕಾಣುವ ಹಾಗೆ ಅಲಂಕರಿಸಿ, ಒಪ್ಪಿಕೊಳ್ಳುತ್ತಾರೆ. ಸರ್ಕಾರಗಳು ದೋಷವನ್ನು ಒಪ್ಪುವುದಕ್ಕೆ ಮೊದಲು ಸಮಿತಿಯೊಂದನ್ನು ನೇಮಿಸಿ, ಸಮಿತಿಯ ವರದಿ ಬರುವ ಹೊತ್ತಿಗೆ ತಾವೇ ಬದಲಾಗಿರುತ್ತವೆ. ಸಂಸಾರಸ್ಥರ ವಿಷಯವನ್ನಂತೂ ಎತ್ತದಿರುವುದೇ ಕ್ಷೇಮ. ಈ ಟಿಪ್ಪಣಿಯೊಂದು ಮಾತ್ರ, "ಇಂಥ ಸಂದರ್ಭದಲ್ಲಿ ಇಂಥ ಆಜ್ಞೆಯನ್ನು ಕೊಟ್ಟರೆ ಯಂತ್ರವು ಹೀಗೆ ತಪ್ಪಾಗಿ ನಡೆದುಕೊಳ್ಳುತ್ತಿತ್ತು, ಸರಿಪಡಿಸಲಾಗಿದೆ" ಎಂದು, ಕಣ್ಣೀರಿಲ್ಲದೆ, ಸಮರ್ಥನೆಯಿಲ್ಲದೆ, ಒಂದಾದ ಮೇಲೊಂದರಂತೆ ಪುಟಗಟ್ಟಲೆ ಹೇಳಿಕೊಂಡು ಹೋಗುತ್ತದೆ. ಇದನ್ನು ಓದುವ ಚಟ ನನಗೆ ಹತ್ತಿ ಬಹುಕಾಲವಾಯಿತು.

ನಾನು ಹೈದರಾಬಾದಿನ ಉಪ್ಪಲ್‌ನಲ್ಲಿರತಕ್ಕವನು. ನಮ್ಮ ಮನೆತನ ರಾಯಚೂರು ಕಡೆಯದು. ಆ ಜಿಲ್ಲೆಯು ನಿಜಾಮರ ಸಂಸ್ಥಾನದಲ್ಲಿದ್ದ ಕಾಲದಲ್ಲಿ ಹಿರಿಯರು ಜೀವನೋಪಾಯವನ್ನು ಅರಸಿ ರಾಜಧಾನಿಗೆ ಬಂದರು. 1956ರ ನವೆಂಬರ್ 1ರಂದು ರಾಯಚೂರು, ಕಲಬುರ್ಗಿ, ಬೀದರುಗಳು ಮೈಸೂರು ರಾಜ್ಯಕ್ಕೆ ಸೇರಿಹೋದಾಗ ನೆಲವು ಅತ್ತ ಹೋಯಿತು, ಮನೆತನವು ಇತ್ತಲೇ ಉಳಿಯಿತು. ತಂತ್ರಾಂಶ ಬರೆಯುವ ನನ್ನ ವೃತ್ತಿಯ ಪರಿಭಾಷೆಯಲ್ಲಿ ಹೇಳುವುದಾದರೆ ನಾವು ಮರ್ಜ್ ಆಗದೆ (ಕೂಡಿಕೊಳ್ಳದೆ) ಉಳಿದ ಬ್ರಾಂಚಿಗೆ (ಕವಲಿಗೆ) ಸೇರಿದವರು. ನೆರೆಹೊರೆಯೂ ಈ ವೃತ್ತಿಗೆ ಒಪ್ಪುವಂಥದೇ. 1767ರಲ್ಲಿ ಹುಟ್ಟಿದ ಸರ್ವೇ ಆಫ್ ಇಂಡಿಯಾದವರ ತರಬೇತಿ ಸಂಸ್ಥೆಯು ಉಪ್ಪಲ್‌ನಲ್ಲಿಯೇ ಇದೆ. ಹೊಳೆಯು ಪಾತ್ರವನ್ನು ಬದಲಿಸಿತು, ಹಳ್ಳಿಯು ಹೆಸರನ್ನು ಬದಲಿಸಿತು, ಆದ್ದರಿಂದ ಹಿಂದಿನ ನಕ್ಷೆಯನ್ನು ತಿದ್ದಿ ಹೊಸದನ್ನು ಅಚ್ಚು ಮಾಡತಕ್ಕದ್ದು ಎಂಬುದನ್ನು ಎರಡೂವರೆ ಶತಮಾನಗಳಿಂದ ನಿರ್ವಿಕಾರಚಿತ್ತದಿಂದ ಒಪ್ಪಿಕೊಂಡು ಬಂದ ಜನ ಅವರು. ಆ ಸಂಸ್ಥೆಯ ಗೋಡೆಯ ಪಕ್ಕದಲ್ಲಿ ನಿತ್ಯವೂ ನಡೆದುಹೋಗುವವನಿಗೆ, ತನ್ನ ಯಂತ್ರದಲ್ಲಿ ಅಪ್‌ಡೇಟ್ ಬಂದಿತೆಂದು ಗೊಣಗುವ ಅಧಿಕಾರ ಎಲ್ಲಿಂದ ಬರಬೇಕು?

ಈ ಪ್ರಬಂಧದ ನಾಯಕನಾದ ಗಿಟ್ ಎಂಬ ತಂತ್ರಾಂಶವನ್ನು ಅರಿಯದ ಓದುಗರಿಗಾಗಿ ಒಂದೆರಡು ಮಾತು. ಒಂದೇ ಗ್ರಂಥವನ್ನು ನೂರು ಮಂದಿ ನೂರು ಊರುಗಳಲ್ಲಿ ಕುಳಿತು ಏಕಕಾಲಕ್ಕೆ ಬರೆಯುತ್ತಿದ್ದರೆ, ಯಾವ ಸಾಲನ್ನು ಯಾರು ಯಾವ ದಿನ ಯಾವ ಕಾರಣಕ್ಕಾಗಿ ತಿದ್ದಿದರೆಂಬ ಲೆಕ್ಕವನ್ನು ಇಟ್ಟು, ಕೇಳಿದಾಗ ಹಿಂದಿನ ಯಾವ ಪಾಠವನ್ನಾದರೂ ಮರಳಿ ಕೊಡುವುದು ಇದರ ಕಾರ್ಯ. ಈ ವಿದ್ಯೆಯು 1972ರಲ್ಲಿ ಬೆಲ್ ಪ್ರಯೋಗಶಾಲೆಯ ಮಾರ್ಕ್ ರಾಕ್‌ಕೈಂಡ್ ರಚಿಸಿದ ಎಸ್‌ಸಿಸಿಎಸ್ ಎಂಬುದರಿಂದ ಮೊದಲಾಯಿತು. ಹತ್ತು ವರ್ಷಗಳ ತರುವಾಯ ವಾಲ್ಟರ್ ಟಿಚಿಯವರ ಆರ್‌ಸಿಎಸ್ ಬಂದಿತು. ಈ ಹಿರಿಯರಿಬ್ಬರ ನೀತಿಯೂ ಬೀಗದ ನೀತಿ: ಒಬ್ಬನು ಕಡತವನ್ನು ತಿದ್ದಲೆಂದು ತೆಗೆದುಕೊಂಡನೆಂದರೆ ಅವನು ಹಿಂದಿರುಗಿಸುವ ತನಕ ಇತರರು ಅದನ್ನು ಓದಬಹುದೇ ಹೊರತು ಮುಟ್ಟಲಾಗದು. ನಮ್ಮ ಕಚೇರಿಯಲ್ಲಿ ವರಂಗಲ್ ಕಡೆಯ ಹಿರಿಯ ತೆಲುಗು ಸಹೋದ್ಯೋಗಿಯೊಬ್ಬರಿದ್ದಾರೆ. ಪ್ರತಿ ಶನಿವಾರ ಉಪ್ಪಲ್ ರಿಂಗ್ ರೋಡಿನಲ್ಲಿ ಬಸ್ಸು ಹತ್ತಿ ಊರಿಗೆ ಹೋಗಿಬರುವ ಸಜ್ಜನರು. ಅವರ ತಾರುಣ್ಯದಲ್ಲಿ, ಮುಖ್ಯವಾದ ಕಡತವೊಂದಕ್ಕೆ ಹೀಗೆ ಬೀಗ ಹಾಕಿದ ಮಿತ್ರನೊಬ್ಬನು ತಂಗಿಯ ಮದುವೆಗೆಂದು ಕರೀಂನಗರಕ್ಕೆ ಹೊರಟುಹೋಗಿ, ಮದುವೆ ಮುಗಿದು, ಸತ್ಯನಾರಾಯಣ ವ್ರತ ಮುಗಿದು, ಬೀಗರ ಊಟವೂ ಮುಗಿದು ಆತನು ಮರಳುವವರೆಗೆ ಇಡೀ ವಿಭಾಗವೇ ಇರಾನಿ ಚಹ ಕುಡಿಯುತ್ತ ಕುಳಿತಿತ್ತಂತೆ. ಈ ವೃತ್ತಾಂತವನ್ನು ಅವರು ದೂರಿನ ದನಿಯಲ್ಲಿ ಹೇಳುವುದಿಲ್ಲ, ಸುವರ್ಣಯುಗವನ್ನು ನೆನೆಯುವ ದನಿಯಲ್ಲಿ ಹೇಳುತ್ತಾರೆ.

ಆ ಯುಗವನ್ನು ಮುಗಿಸಿದವುಗಳಲ್ಲಿ ಗಿಟ್ ಒಂದು. ಲಿನಕ್ಸ್ ತಂಡದವರು 2002ರಿಂದ ಬಳಸುತ್ತಿದ್ದ ಬಿಟ್‌ಕೀಪರ್ ಎಂಬುದರ ಉಚಿತ ಪರವಾನಗಿಯು 2005ರಲ್ಲಿ ಇಲ್ಲವಾಗಲು, ಲಿನಸ್ ಟೋರ್ವಾಲ್ಡ್ಸ್ ಆ ಏಪ್ರಿಲ್ ಮಾಸದಲ್ಲಿ ಕೆಲವೇ ದಿನಗಳೊಳಗೆ ಗಿಟ್ಟನ್ನು ಕಟ್ಟಿ ನಿಲ್ಲಿಸಿದರು. ಜುಲೈನಲ್ಲಿ ಅದರ ಪಾಲನೆಯನ್ನು ಜುನಿಯೊ ಹಮಾನೊ ಎಂಬವರಿಗೆ ಒಪ್ಪಿಸಿದರು. ಅಂದಿನಿಂದ ಇಂದಿನವರೆಗೆ, ಇಪ್ಪತ್ತು ವರ್ಷಕ್ಕೂ ಮೀರಿ, ಪಾಲಿಸುತ್ತ ಬಂದವರು ಹಮಾನೊ. ಸೃಷ್ಟಿಕರ್ತನಾದ ಬ್ರಹ್ಮನಿಗೆ ನಮ್ಮಲ್ಲಿ ದೇವಾಲಯಗಳು ವಿರಳ, ಸ್ಥಿತಿಕರ್ತನಿಗೆ ಬೀದಿಬೀದಿಗೊಂದು. ಗಿಟ್ ಲೋಕದಲ್ಲಿ ಮಾತ್ರ ಜನರು ಬ್ರಹ್ಮನ ಹೆಸರನ್ನೇ ಜಪಿಸುತ್ತ ವಿಷ್ಣುವನ್ನು ಮರೆತಿದ್ದಾರೆ.

2025ರ ಆಗಸ್ಟ್‌ನಲ್ಲಿ ಈ ಗಿಟ್‌ನ 2.51ನೆಯ ಆವೃತ್ತಿ ಬಂದಿತು. ಅದರಲ್ಲಿದ್ದ ಒಂದು ಸಾಲಿನ ಮಹತ್ವವನ್ನು ತಿಳಿಯಬೇಕಾದರೆ 'ಚೆಕ್‌ಔಟ್' ಎಂಬ ಹಳೆಯ ಆಜ್ಞೆಯ ಸ್ವಭಾವವನ್ನು ತಿಳಿದಿರಬೇಕು. ಚೆಕ್‌ಔಟ್ ಎಂದು ಬರೆದು ಅದರ ಮುಂದೆ ಬ್ರಾಂಚಿನ ಹೆಸರನ್ನು ಬರೆದರೆ ಅದು ನಿಮ್ಮನ್ನು ವಿನಯಪೂರ್ವಕವಾಗಿ ಆ ಬ್ರಾಂಚಿಗೆ ಕರೆದೊಯ್ಯುತ್ತದೆ. ದಾರಿಯಲ್ಲಿ ನಿಮ್ಮ ತಿದ್ದುಪಡಿಗಳಿಗೆ ಅಪಾಯವಿದ್ದರೆ ನಿಂತು ಎಚ್ಚರಿಸುತ್ತದೆ. ಅದೇ ಚೆಕ್‌ಔಟ್‌ನ ಮುಂದೆ ಕಡತದ ಹೆಸರನ್ನು ಬರೆದರೋ, ಬೆಳಗಿನಿಂದ ನೀವು ಆ ಕಡತದಲ್ಲಿ ಬರೆದು ಇನ್ನೂ ದಾಖಲಿಸದೆ ಇಟ್ಟಿದ್ದುದನ್ನೆಲ್ಲ ಕೇಳದೆ ಹೇಳದೆ ಅಳಿಸಿ, ಹಿಂದಿನ ಪಾಠವನ್ನು ತಂದಿಡುತ್ತದೆ. ಹೆಸರಿನ ಬದಲು ಒಂದು ಚುಕ್ಕೆಯನ್ನಿಟ್ಟರೆ, ನೀವಿದ್ದ ಇಡೀ ಫೋಲ್ಡರಿನಲ್ಲಿ ಇದೇ ಗತಿ. ಒಂದೇ ಬಾಯಿಂದ ಆಶೀರ್ವಾದವನ್ನೂ ಶಾಪವನ್ನೂ ಕೊಡಬಲ್ಲ ಈ ದೂರ್ವಾಸತ್ವವನ್ನು ಕಂಡು ಮರುಗಿದವರು 2019ರ ಆಗಸ್ಟ್‌ನಲ್ಲಿ, 2.23ನೆಯ ಆವೃತ್ತಿಯಲ್ಲಿ, ಎರಡು ಹೊಸ ಆಜ್ಞೆಗಳನ್ನು ತಂದರು: ಬ್ರಾಂಚ್ ಬದಲಿಸಲು 'ಸ್ವಿಚ್', ಕಡತವನ್ನು ಹಿಂದಿನ ಸ್ಥಿತಿಗೆ ತರಲು 'ರಿಸ್ಟೋರ್'. ತಂದವರು ಇವುಗಳ ಕೊರಳಿಗೆ "ಇದು ಪ್ರಾಯೋಗಿಕ, ನಡವಳಿಕೆ ಬದಲಾದೀತು" ಎಂಬ ಫಲಕವನ್ನೂ ಕಟ್ಟಿದರು. ಆ ಫಲಕವನ್ನು ಬಿಚ್ಚಿದ್ದು 2.51ರಲ್ಲಿ, ಎಂದರೆ ಆರು ವರ್ಷಗಳಾದ ಮೇಲೆ. ನಮ್ಮ ವಿಭಾಗಕ್ಕೆ ಹೊಸದಾಗಿ ಸೇರಿದ ಕಲಬುರ್ಗಿಯ ಹುಡುಗಿ, ಟಿಪ್ಪಣಿಯ ಆ ಸಾಲನ್ನು ಪರದೆಯ ಮೇಲೆ ತೋರಿಸುತ್ತ, "ಆರು ವರ್ಷ ಪ್ರೊಬೇಷನ್ ಅಂತ ನೋಡ್ರಿ ಸರ್! ನಂದು ಆರು ತಿಂಗ್ಳಿಗೇ ಮುಗೀತದ," ಎಂದಳು.

ಹಾಗಾದರೆ ಚೆಕ್‌ಔಟ್ ಎಲ್ಲಿ ಹೋಯಿತು? ಎಲ್ಲಿಗೂ ಹೋಗಲಿಲ್ಲ. ನೆನ್ನೆ ಹೇಗೆ ಹರಸುತ್ತ ಶಪಿಸುತ್ತ ಇದ್ದಿತೋ ಇಂದೂ ಹಾಗೆಯೇ ಇದೆ. ಇದೇ ನನಗೆ ಗಿಟ್ಟಿನಲ್ಲಿ ಗೌರವವನ್ನು ಹುಟ್ಟಿಸಿದ ಸಂಗತಿ. ನನ್ನ ಜೇಬಿನಲ್ಲಿರುವ ದೂರವಾಣಿಯ ಆ್ಯಪ್‌ಗಳು ರಾತ್ರಿ ಮಲಗಿ ಬೆಳಗ್ಗೆ ಏಳುವಷ್ಟರಲ್ಲಿ ತಮ್ಮನ್ನು ತಾವು ಪರಿಷ್ಕರಿಸಿಕೊಂಡು, ಹಣ ಕಳುಹಿಸುವ ಗುಂಡಿಯಿದ್ದ ಸ್ಥಳದಲ್ಲಿ ಸಾಲ ಕೊಡುವ ಗುಂಡಿಯನ್ನಿಟ್ಟು, ತರಕಾರಿಯವಳ ಮುಂದೆ ನನ್ನನ್ನು ಸಾಲಗಾರನನ್ನಾಗಿ ಮಾಡಲು ಹವಣಿಸುತ್ತವೆ; ಟಿಪ್ಪಣಿಯನ್ನು ನೋಡಿದರೆ "ನಿಮ್ಮ ಅನುಭವವನ್ನು ಉತ್ತಮಗೊಳಿಸಿದ್ದೇವೆ" ಎಂಬ ಒಂದು ವಾಕ್ಯ. ನನ್ನ ಅನುಭವವನ್ನು ಉತ್ತಮಗೊಳಿಸಲು ಇವರಾರು?

ಗಿಟ್ಟಿನ ಟಿಪ್ಪಣಿಗಳಲ್ಲಿ ಹಾಸ್ಯರಸಕ್ಕೂ ಕೊರತೆಯಿಲ್ಲ, ಬರೆದವರು ನಗದೆ ಬರೆದಿರುವುದರಿಂದ ಅದು ಇನ್ನಷ್ಟು ಶೋಭಿಸುತ್ತದೆ. ಬೆರಳು ತಪ್ಪಿ ಆಜ್ಞೆಯ ಕಾಗುಣಿತ ಕೆಟ್ಟರೆ, ಸರಿಯಾದುದನ್ನು ತಾನೇ ಊಹಿಸಿ ನಡೆಸುವ ಸೌಕರ್ಯವೊಂದು ಅದರಲ್ಲಿದೆ. ನಡೆಸುವ ಮುನ್ನ ಎಷ್ಟು ಹೊತ್ತು ಕಾಯಬೇಕೆಂಬುದನ್ನು ಸೆಕೆಂಡಿನ ದಶಾಂಶಗಳಲ್ಲಿ ತಿಳಿಸಬೇಕು. 'ಹೌದು, ಈ ಸೌಕರ್ಯ ಬೇಕು' ಎಂಬರ್ಥದಲ್ಲಿ 1 ಎಂದು ಬರೆದಿಟ್ಟವರಿಗೆ ಯಂತ್ರವು, "ನೀವು ಹೇಳಿದ್ದು ಇದಿರಬೇಕು, ಬೇಡವಾದರೆ ಈಗಲೇ ತಡೆಯಿರಿ" ಎಂಬಂತೆ ಸೂಚನೆ ಕೊಟ್ಟು, ತಡೆಯಲು ಸೆಕೆಂಡಿನ ಹತ್ತನೆಯ ಒಂದು ಭಾಗವನ್ನು ದಯಪಾಲಿಸುತ್ತಿತ್ತು. 2025ರ ಮಾರ್ಚ್‌ನ 2.49ನೆಯ ಆವೃತ್ತಿಯಲ್ಲಿ 1 ಎಂದರೆ 'ಕಾಯದೆ ನಡೆಸು' ಎಂದೇ ಅರ್ಥವಾಯಿತು. ಸೌಜನ್ಯದ ನಟನೆಯನ್ನು ಕೈಬಿಡುವುದೂ ಒಂದು ಸುಧಾರಣೆಯೇ.

ಮತ್ತೊಂದು ಸುಧಾರಣೆಯ ವಿಷಯದಲ್ಲಿ ನನ್ನ ಮನಸ್ಸು ಇಬ್ಬಗೆಯಾಗಿದೆ. ಅರೆಬರೆಯಾದ ಕೆಲಸವನ್ನು ಕಣ್ಣಿಗೆ ಬೀಳದಂತೆ ತೆಗೆದಿರಿಸಿ, ಆಮೇಲೆ ನೋಡೋಣವೆನ್ನುವುದಕ್ಕೆ 'ಸ್ಟ್ಯಾಶ್' ಎಂಬ ಆಜ್ಞೆಯಿದೆ. ವರಂಗಲ್ ರಸ್ತೆಯಲ್ಲಿ, ಮುಂದೆ ಬರಲಿರುವ ಮೇಲುರಸ್ತೆಗಾಗಿ ಎದ್ದು ವರ್ಷಾನುವರ್ಷ ನೆತ್ತಿಯ ಮೇಲೆ ಏನನ್ನೂ ಹೊರದೆ ನಿಂತ ಕಂಬಗಳ ನಡುವೆ ಧೂಳು ಕುಡಿದು ಹಾದುಬಂದ ಉಪ್ಪಲಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹೀಗೆ ತೆಗೆದಿರಿಸಿದ ಸ್ಟ್ಯಾಶ್‌ಗಳನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವ ಸುಲಭವಾದ ದಾರಿ 2.51ರವರೆಗೆ ಇರಲಿಲ್ಲ, ಈಗ ಬಂದಿದೆ. ಮಾಡದ ಕೆಲಸವನ್ನು ಕಚೇರಿಯ ಯಂತ್ರದಲ್ಲಿ ಬಿಟ್ಟು ನಿಶ್ಚಿಂತೆಯಿಂದ ಮೆಟ್ರೋ ಹತ್ತುತ್ತಿದ್ದ ಜನರ ಒಂದು ಪ್ರಾಮಾಣಿಕವಾದ ನೆಪವು ಇದರಿಂದ ನಷ್ಟವಾಯಿತು.

ನನಗೆ ಬಹುದಿನಗಳಿಂದ ಸೋಜಿಗವಾಗಿ ತೋರಿರುವುದು ಬೇರೊಂದು. ಯಾವ ಸಾಲನ್ನು ಯಾರು ಬರೆದರೆಂದು ಹೆಸರು, ತಾರೀಖು, ಗಂಟೆ, ನಿಮಿಷಗಳ ಸಮೇತ ಎತ್ತಿ ತೋರಿಸುವ 'ಬ್ಲೇಮ್' ಎಂಬ ಆಜ್ಞೆ ಗಿಟ್ಟಿನಲ್ಲಿದೆ. ಇದಕ್ಕೆ ಅಣ್ಣನಾದ ಸಬ್‌ವರ್ಷನ್ ಎಂಬ ತಂತ್ರಾಂಶದಲ್ಲಿ ಈ ಕೆಲಸವನ್ನು 'ಬ್ಲೇಮ್' ಎಂದೂ ಕೇಳಬಹುದು, 'ಪ್ರೇಸ್' ಎಂದೂ ಕೇಳಬಹುದು, ಉತ್ತರ ಒಂದೇ. ಆದರೆ ಎರಡನೆಯದನ್ನು ಯಾರಾದರೂ ಕೇಳಿದ್ದನ್ನು ನಾನು ಕಂಡಿಲ್ಲ. ಕಚೇರಿಯಲ್ಲಿ ಏನಾದರೂ ಕೆಟ್ಟಿತೆಂದರೆ ಎಲ್ಲರೂ ಮೊದಲು ಕೈಯಿಡುವುದು ಬ್ಲೇಮಿಗೆ. ಇದರಿಂದ ಅನೇಕ ನಿರಪರಾಧಿಗಳೂ ಸಿಕ್ಕಿಬೀಳುತ್ತಿದ್ದರು: ಬೇರೆಯವರ ಬರಹದಲ್ಲಿ ಅಂಚುಗಳನ್ನು ಮಾತ್ರ ಓರಣಗೊಳಿಸಿದ ಸಾತ್ವಿಕನ ಹೆಸರು ಸಾವಿರ ಸಾಲುಗಳ ಮೇಲೆ ಕುಳಿತುಬಿಡುತ್ತಿತ್ತು. ಇಂಥ ಓರಣದ ತಿದ್ದುಪಡಿಗಳನ್ನು ಲೆಕ್ಕಕ್ಕೆ ತಾರದೆ ನಿಜವಾದ ಲೇಖಕನನ್ನು ಹುಡುಕುವ ಅನುಕೂಲವೂ 2019ರ ಆ 2.23ರಲ್ಲಿಯೇ ಬಂದಿತು. ಪರರ ದೋಷವನ್ನು ಹುಡುಕಲು ಇಷ್ಟು ಸೂಕ್ಷ್ಮವಾದ ಸಾಧನವನ್ನು ನಮ್ಮ ಕೈಗೆ ಕೊಟ್ಟವರು, ತಮ್ಮ ಟಿಪ್ಪಣಿಯಲ್ಲಿ ಮಾತ್ರ ದೋಷವನ್ನು ಹೇಳುತ್ತಾರೆ, ದೋಷಿಯ ಹೆಸರನ್ನು ಹೇಳುವುದಿಲ್ಲ.

ದೋಷವನ್ನು ತಾವೇ ಒಪ್ಪಿಕೊಳ್ಳುವ ಈ ಸಂಪ್ರದಾಯವು ನಮ್ಮವರಿಗೆ ಹೊಸದಲ್ಲ. ತಾಳೆಯೋಲೆಯ ಲಿಪಿಕಾರರು ಗ್ರಂಥದ ಕೊನೆಯಲ್ಲಿ, ತಪ್ಪಿದ್ದರೆ ಬಲ್ಲವರು ತಿದ್ದಿಕೊಂಡು ಓದಬೇಕೆಂದು ಬೇಡಿಕೊಳ್ಳುವ ವಾಡಿಕೆಯಿತ್ತು. ಅಚ್ಚಿನ ಕಾಲದಲ್ಲಿ ಅದು ಪುಸ್ತಕದ ಬೆನ್ನಿಗೆ ಅಂಟಿಬರುವ ತಪ್ಪು-ಒಪ್ಪುಗಳ ಪಟ್ಟಿಯಾಯಿತು. ಬಲ್ಲವರು ಬೇಡಿಕೆಯನ್ನು ಮನ್ನಿಸಿ ತಿದ್ದಿದರು, ತಿದ್ದಿದ್ದನ್ನು ಮತ್ತೊಬ್ಬ ಬಲ್ಲವರು ತಿದ್ದಿದರು, ಯಾರು ಏನು ತಿದ್ದಿದರೆಂಬ ಲೆಕ್ಕವನ್ನು ಮಾತ್ರ ಯಾರೂ ಇಡಲಿಲ್ಲ. ಪಾಠಾಂತರಗಳ ಆ ಅರಣ್ಯದಲ್ಲಿ ನಮ್ಮ ಗ್ರಂಥಸಂಪಾದಕರು ಆಯುಷ್ಯವನ್ನೇ ಸವೆಸಬೇಕಾಯಿತು. ಇಟ್ಟ ಪದವನ್ನು ಮತ್ತೆ ತೆಗೆಯುವವನು ತಾನಲ್ಲವೆಂದು ಗದುಗಿನ ಕುಮಾರವ್ಯಾಸನು ತನ್ನ ಅಗ್ಗಳಿಕೆಯನ್ನು ಸಾರಿಕೊಂಡಿದ್ದಾನೆ. ಅವನಿಗೆ ಗಿಟ್ ಬೇಕಾಗಿರಲಿಲ್ಲ. ಅವನನ್ನು ನಕಲು ಮಾಡಿದವರಿಗೆ ಅಗತ್ಯವಾಗಿ ಬೇಕಾಗಿತ್ತು.

ಇನ್ನು ಹಿರಿಯ ಸಹೋದ್ಯೋಗಿಯವರ ಪ್ರಕರಣ. ಅವರು ಇತಿಹಾಸವನ್ನು ನೋಡಲು ಮೊದಲಿನಿಂದಲೂ 'ವಾಟ್‌ಚೇಂಜ್ಡ್' ಎಂಬ ಪುರಾತನ ಆಜ್ಞೆಯನ್ನು ಬಳಸುತ್ತ ಬಂದವರು. ಅದರ ಕೆಲಸವನ್ನೇ 'ಲಾಗ್' ಎಂಬ ಆಜ್ಞೆಗೆ 'ರಾ' ಎಂಬ ಬಾಲವನ್ನು ಸೇರಿಸಿ ಮಾಡಬಹುದು. ಬರೆಯಲು ಅದೇ ಚಿಕ್ಕದು, ವಾಟ್‌ಚೇಂಜ್ಡ್ ನಿರುಪಯುಕ್ತವಾಗಿ ಹತ್ತು ವರ್ಷಕ್ಕಿಂತ ಹೆಚ್ಚಾಯಿತು ಎಂದು 2.51ರ ಟಿಪ್ಪಣಿ ಷರಾ ಬರೆದಿದೆ. ಆದರೂ ಗಿಟ್ ಅದನ್ನು ಒಮ್ಮೆಲೇ ಕಿತ್ತೊಗೆಯಲಿಲ್ಲ. ಅಪ್‌ಡೇಟ್ ಆದ ಮರುದಿನ ಹಿರಿಯರು ಎಂದಿನಂತೆ ಆಜ್ಞೆಯನ್ನು ಬರೆದು ಗುಂಡಿಯನ್ನು ಒತ್ತಿದಾಗ, ಯಂತ್ರವು ಕೆಲಸವನ್ನು ಮಾಡದೆ, ಈ ಆಜ್ಞೆಯನ್ನು ತೆಗೆದುಹಾಕಲು ಗೊತ್ತುಪಡಿಸಲಾಗಿದೆಯೆಂದೂ, ತಾವು ಇದನ್ನು ಇನ್ನೂ ಬಳಸುತ್ತಿರುವುದಾದರೆ 'ಐ-ಸ್ಟಿಲ್-ಯೂಸ್-ದಿಸ್' ಎಂಬುದನ್ನು ಸೇರಿಸಿ ಬರೆಯಬೇಕೆಂದೂ, ಹಾಗೆಯೇ ಆ ಸಂಗತಿಯನ್ನು ಗಿಟ್ ತಂಡಕ್ಕೊಂದು ಮಿಂಚಂಚೆ ಬರೆದು ತಿಳಿಸಬೇಕೆಂದೂ ಕೇಳಿಕೊಂಡು, ಕೊನೆಗೆ ವಂದನೆಯನ್ನೂ ಅರ್ಪಿಸಿತು. ನವೆಂಬರ್ ಬಂತೆಂದರೆ ಪಿಂಚಣಿದಾರರು ಬ್ಯಾಂಕಿಗೆ ಹೋಗಿ, ಎದುರಿಗೇ ಉಸಿರಾಡುತ್ತ ನಿಂತು, ತಾವು ಜೀವಂತವಾಗಿರುವುದಕ್ಕೆ ಪ್ರಮಾಣಪತ್ರವನ್ನು ಒಪ್ಪಿಸುವ ಪರಿ ನನ್ನ ಕಣ್ಣ ಮುಂದೆ ಬಂದಿತು.

"ಇಪ್ಪುಡು ಎಂದುಕಂಡೀ?" ಎಂದರು ಹಿರಿಯರು; ಈಗೇಕೆಂದು ಕೇಳಿದ್ದು ಯಂತ್ರವನ್ನೋ ನನ್ನನ್ನೋ ತಿಳಿಯದು. ಕಲಬುರ್ಗಿಯ ಹುಡುಗಿ ಎದ್ದು ಬಂದು, "ಸರ್, ಲಾಗ್ ಅಂತ ಹಾಕ್ರಿ, ಅದೇ ಬರ್ತದ," ಎಂದಳು. ಅವರು ಹಾಕಲಿಲ್ಲ. ಕನ್ನಡಕವನ್ನು ಒರೆಸಿಕೊಂಡು, ಒಂದೊಂದೇ ಅಕ್ಷರವನ್ನು ಒತ್ತಿ, 'ನಾನು ಇದನ್ನು ಇನ್ನೂ ಬಳಸುತ್ತಿದ್ದೇನೆ' ಎಂಬ ಆ ಘೋಷಣೆಯನ್ನು ಪೂರ್ತಿಯಾಗಿ ಬರೆದರು. ಯಂತ್ರವು ಮರುಮಾತಿಲ್ಲದೆ ಇತಿಹಾಸವನ್ನು ತೆರೆದು ತೋರಿಸಿತು. ಚಿಕ್ಕದೊಂದು ಅಡ್ಡಹೆಸರನ್ನು ಕಟ್ಟಿಕೊಂಡರೆ ದಿನವೂ ಇಷ್ಟುದ್ದ ಬರೆಯುವ ಶ್ರಮವಿಲ್ಲವೆಂದು ನಾನು ಸೂಚಿಸಿದೆನಾದರೂ ಅವರಿಗೆ ಅದು ರುಚಿಸಲಿಲ್ಲ. ಮಿಂಚಂಚೆಯನ್ನು ಮಾತ್ರ ಇನ್ನೂ ಬರೆದಿಲ್ಲ. ಶನಿವಾರ ಊರಿಗೆ ಹೋದಾಗ ಬಿಡುವಾಗಿ ಬರೆಯುವೆನೆನ್ನುತ್ತಾರೆ.

ಗಿಟ್‌ನ 3.0ನೆಯ ಆವೃತ್ತಿಯಲ್ಲಿ ವಾಟ್‌ಚೇಂಜ್ಡ್ ಇರುವುದಿಲ್ಲವೆಂದು ಪಾಲಕರು ಮೊದಲೇ ಸಾರಿದ್ದಾರೆ. ಆದ ಕಾರಣ ಇದನ್ನು ಓದುತ್ತಿರುವವರಲ್ಲಿ ಆ ಆಜ್ಞೆಯನ್ನು ಇನ್ನೂ ಬಳಸತಕ್ಕವರು ಯಾರಾದರೂ ಇದ್ದರೆ ಅವರಲ್ಲಿ ನನ್ನ ವಿನಂತಿಯಿಷ್ಟೆ: ಬರೆಯುವುದಾದರೆ ಆ ಪತ್ರವನ್ನು ಈಗಲೇ ಬರೆದುಬಿಡಿ. ಬರೆಯಲು ಬೇಸರವಾದರೆ 'ಲಾಗ್' ಮತ್ತು 'ರಾ' ಎಂಬುದನ್ನು ರೂಢಿ ಮಾಡಿಕೊಳ್ಳಿ. ಅದರಲ್ಲಿ ಅಕ್ಷರಗಳೂ ಕಡಮೆ.