ಒಡೆಯನ ಕೈಯಲ್ಲಿ ಪೈಪ್ ಪಾನ

ನಮ್ಮ ಉಳವಿ ಚನ್ನಬಸವಣ್ಣನ ಉಳವಿಯಲ್ಲ. ಅದು ಜೋಯಿಡಾದ ಕಾಡಿನಲ್ಲಿದೆ. ನಮ್ಮದು ಸೊರಬ ತಾಲ್ಲೂಕಿನ ಹೋಬಳಿ ಊರು. 'ಜಾತ್ರೆಗೆ ಬರ್ತೀವ್ರೀ, ರೂಮು ಸಿಗ್ತಾವೇನ್ರೀ?' ಎಂದು ಧಾರವಾಡದ ಕಡೆಯಿಂದ ಯಾರಾದರೂ ಫೋನು ಮಾಡಿದಾಗ ನನ್ನೊಳಗಿನ ಹೂಡಿಕೆದಾರ ಗಡಬಡಿಸಿ ಎದ್ದು ಕೂರುತ್ತಾನೆ. ನಿಜ ಹೇಳಿ ಅವನನ್ನು ಮತ್ತೆ ಮಲಗಿಸಬೇಕಾಗುತ್ತದೆ. ಇಲ್ಲಿ ಬಾಡಿಗೆಗೆ ಬರುವವರು ಭಕ್ತರಲ್ಲ. ವರ್ಗವಾಗಿ ಬಂದ ಮೇಷ್ಟ್ರು, ಆಸ್ಪತ್ರೆಯ ನರ್ಸಮ್ಮ, ಬ್ಯಾಂಕಿಗೆ ಹೊಸದಾಗಿ ಸೇರಿದ ಹುಡುಗ. ಇಂಥವರನ್ನು ನಂಬಿಕೊಂಡು ರಸ್ತೆ ಬದಿಯ ಜಾಗದಲ್ಲಿ ಮೂರು ಮನೆಗಳ ಒಂದು ಲೈನು ಕಟ್ಟಿಸಿದ್ದೇನೆ.

ಬೆಂಗಳೂರಿನಲ್ಲಿರುವ ನನ್ನ ಭಾವನೂ ಬಾಡಿಗೆ ಮನೆಗಳ ಒಡೆಯನೇ. ಅವನು ಹತ್ತು ತಿಂಗಳ ಅಡ್ವಾನ್ಸು ಎಣಿಸಿಕೊಂಡು ಕೀಲಿ ಕೊಡುತ್ತಾನೆ. ಆಮೇಲೆ ಬಾಡಿಗೆದಾರನ ಮುಖ ನೋಡುವುದು ಮನೆ ಖಾಲಿ ಮಾಡುವ ದಿನವೇ, ಅದೂ ಸುಣ್ಣಬಣ್ಣದ ದುಡ್ಡು ಹಿಡಿದುಕೊಳ್ಳಲಿಕ್ಕೆ. ಇಲ್ಲಿ ಎರಡು ತಿಂಗಳ ಅಡ್ವಾನ್ಸು ಕೇಳಿದರೂ 'ನಾವೆಂತ ಓಡಿ ಹೋಗ್ತೀವಾ?' ಎನ್ನುತ್ತಾರೆ. ಓಡಿ ಹೋಗುವುದಿಲ್ಲ, ನಿಜ. ದಿನಾ ಬೆಳಿಗ್ಗೆ ನಮ್ಮ ಜಗುಲಿಗೇ ಬರುತ್ತಾರೆ. ನಲ್ಲಿ ತೊಟ್ಟಿಕ್ಕುತ್ತದೆ, ಬಾಗಿಲು ಮಳೆಗೆ ಉಬ್ಬಿ ಹಾಕಲಿಕ್ಕೆ ಬರುವುದಿಲ್ಲ, ಟ್ಯಾಂಕಿನಲ್ಲಿ ಕಪ್ಪೆ ಬಿದ್ದಿದೆ. ಪ್ಲಂಬರ್ ಬೇಕೆಂದರೆ ಸಾಗರಕ್ಕೋ ಸೊರಬಕ್ಕೋ ಫೋನು ಮಾಡಬೇಕು. ಅವನು 'ನಾಳೆ' ಎನ್ನುತ್ತಾನೆ. ಯಾವ ನಾಳೆ ಎಂದು ಕೇಳುವ ಸಂಪ್ರದಾಯ ಇಲ್ಲಿಲ್ಲ. ಹಾಗಾಗಿ ಪೈಪ್ ಪಾನ, ಟೆಫ್ಲಾನ್ ಟೇಪು, ಎಂ-ಸೀಲು ನನ್ನ ಸ್ಕೂಟರಿನ ಡಿಕ್ಕಿಯಲ್ಲೇ ಕಾಯಂ ಆಗಿವೆ. ಬಾಡಿಗೆ ಕೊಡುವವರು ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಾರೆ, ತೆಗೆದುಕೊಳ್ಳುವವನು ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತಿರುತ್ತಾನೆ. ದಾರಿಹೋಕರು ನೋಡಿದರೆ ಯಾರು ಒಡೆಯ ಎಂದು ಸರಿಯಾಗಿ ಹೇಳಲಾರರು.

ಇನ್ನು ಮಾಡು. ತಾರಸಿ ಹಾಕಿದರೆ ಮಲೆನಾಡಿನ ಮಳೆಗೆ ಅದರ ಮೇಲೂ ಒಂದು ತಗಡಿನ ಮಾಡು ಎಬ್ಬಿಸಬೇಕಾಗುತ್ತದೆಂದು ಹಂಚನ್ನೇ ಹೊದಿಸಿದ್ದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗ ಮಳೆಯನ್ನು ಲೆಕ್ಕ ಹಾಕಿದ್ದರು, ಗಾಳಿಯನ್ನು ಹಾಕಿದ್ದರು, ಮಂಗನನ್ನು ಮರೆತಿದ್ದರು. ನಮ್ಮೂರಿನ ಮಂಗಗಳ ದಂಡು ತೋಟದಿಂದ ತೋಟಕ್ಕೆ ಹೋಗುವ ಹೆದ್ದಾರಿ ನನ್ನ ಲೈನಿನ ಮೇಲೆಯೇ ಹಾದಿದೆ. ಮೇ ತಿಂಗಳ ಕೊನೆಗೆ ಏಣಿ ಹತ್ತಿ ಒಡೆದ ಹಂಚು ಬದಲಿಸುತ್ತ ಕೂತಾಗ ಕೆಳಗಿನಿಂದ ಮೇಷ್ಟ್ರು 'ಇನ್ನೂ ಸ್ವಲ್ಪ ಎಡಕ್ಕೆ ಸಾರ್' ಎಂದು ಪಾಠ ಮಾಡುತ್ತಾರೆ. ವರ್ಷದ ಬಾಡಿಗೆಯನ್ನು ಕಟ್ಟಿಸಿದ ಖರ್ಚಿನಿಂದ ಭಾಗಿಸಿ ನೋಡಿದರೆ ಬರುವ ಬಡ್ಡಿ ಪೋಸ್ಟಾಫೀಸಿನದ್ದಕ್ಕಿಂತ ಕಡಿಮೆ. ಪೋಸ್ಟಾಫೀಸಿನವರು ಎಂದೂ ನನ್ನನ್ನು ಮಾಡು ಹತ್ತಿಸಿಲ್ಲ.

ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ನಮ್ಮ ಅಜ್ಜಿ.

ಅಜ್ಜಿ ಗೇಣಿದಾರರ ಮನೆಯ ಸೊಸೆ. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ರೈತರು ಎದ್ದದ್ದು, ಗಣಪತಿಯಪ್ಪನವರು, ಶಾಂತವೇರಿ ಗೋಪಾಲಗೌಡರು, ಲೋಹಿಯಾ ಜೈಲಿಗೆ ಹೋದದ್ದು ಎಲ್ಲ ಅವಳ ಬಾಯಲ್ಲಿ ನಿನ್ನೆಯ ಸುದ್ದಿ. ಆ ಜಗಳಕ್ಕೆ ಕಾರಣವಾದದ್ದರಲ್ಲಿ ಗೇಣಿ ಭತ್ತ ಅಳೆಯುವ ಕೊಳಗವೂ ಒಂದು. ಒಡೆಯರ ಕೊಳಗದ ಹೊಟ್ಟೆ ದೊಡ್ಡದು ಎಂಬುದು ಅವಳ ಬದುಕಿನ ಮೂಲ ಸಿದ್ಧಾಂತ. 1974ರ ಮಾರ್ಚ್ 1ರಂದು ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಅಜ್ಜ ಫಾರಂ ನಂಬರ್ ಏಳು ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತ, ಗದ್ದೆ ನಮ್ಮದಾಯಿತು. ಆ ಗದ್ದೆಯ ದುಡ್ಡಿನಲ್ಲಿ ಓದಿದ ಮೊಮ್ಮಗ ಈಗ ತಾನೇ ಒಡೆಯನಾಗಿ ಕೂತಿದ್ದಾನೆ. ಇದನ್ನು ಅಜ್ಜಿ ಇವತ್ತಿನವರೆಗೆ ಕ್ಷಮಿಸಿಲ್ಲ. ಬಾಡಿಗೆದಾರರ ಸಂಘ ಎಂದೇನೂ ಉಳವಿಯಲ್ಲಿಲ್ಲ. ಅಜ್ಜಿ ಇರುವುದರಿಂದ ಅದರ ಅಗತ್ಯ ಬಿದ್ದಿಲ್ಲ.

ಮೂರು ಮನೆಗೂ ಒಂದೇ ಮೀಟರು, ಒಳಗೆ ಮೂರು ಸಬ್ ಮೀಟರು ಇಟ್ಟಿದ್ದೆ. ಅಜ್ಜಿಗೆ ಅದು ಕಂಡದ್ದೇ ತಡ, 'ಎಂತದಾ ತಮ್ಮಾ ಇದು? ನಿನ್ನ ಕೊಳಗವಾ?' ಎಂದಳು. ಅದು ಕರೆಂಟು ಅಳೆಯುವ ಯಂತ್ರ, ಸುಳ್ಳು ಹೇಳುವುದಿಲ್ಲ ಅಂದೆ. 'ಕೊಳಗ ಯಾವಾಗ ಸುಳ್ಳು ಹೇಳಿತ್ತು? ಹೇಳುತ್ತಿದ್ದವನು ಹಿಡಿದವನು' ಅಂದಳು. ನರ್ಸಮ್ಮ ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು.

2023ರಲ್ಲಿ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂತಲ್ಲ, ಆಗ ಈ ಕೊಳಗದ ವ್ಯಾಜ್ಯ ಮೇಲಿನ ಕೋರ್ಟಿಗೆ ಹೋಯಿತು. ಆಗಿನ ನಿಯಮದಂತೆ ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ ಅಷ್ಟರವರೆಗೆ ಉಚಿತ, ಆದರೆ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು; ಬಾಡಿಗೆ ಮನೆಯವರಿಗೂ ಉಂಟು. ಮೂರು ಸಂಸಾರ ಸೇರಿ ಒಂದೇ ಮೀಟರಿನಲ್ಲಿ 200 ದಾಟದೆ ಇರುವುದು ಹೇಗೆ? ಊರಿಗೆಲ್ಲ ಶೂನ್ಯ ಬಿಲ್ಲು, ನನ್ನ ಲೈನಿಗೆ ಮಾತ್ರ ಮೊದಲಿನಂತೆ. ಪ್ರತಿಭಟನೆ ಸಾಯಂಕಾಲ ನಮ್ಮ ಜಗುಲಿಯಲ್ಲೇ ನಡೆಯಿತು. ಅಧ್ಯಕ್ಷತೆ ಅಜ್ಜಿಯದು, ಚಹಾ ನನ್ನ ಹೆಂಡತಿಯದು. ಬೇರೆ ಬೇರೆ ಮೀಟರು ಹಾಕಿಸುವ ಖರ್ಚನ್ನು ಒಡೆಯನೇ ಹೊರಬೇಕೆಂದು ನಿರ್ಣಯವಾಯಿತು. ವಿರೋಧಿಸಿದವನು ನಾನೊಬ್ಬನೇ, ನನಗೆ ಮತದಾನದ ಹಕ್ಕಿಲ್ಲ ಎಂದು ತಿಳಿಸಲಾಯಿತು.

ಈಗ ಮೇಷ್ಟ್ರ ಕರಾರು ಮುಗಿದು, ಹೊಸ ಪತ್ರ ಬರೆಸಿ ತಂದಿದ್ದೆ. ಸಾಕ್ಷಿಗೆ ಅಜ್ಜಿಯ ಹೆಬ್ಬೆಟ್ಟು ಒತ್ತಿಸೋಣ, ಆಗ ತಕರಾರು ಇರುವುದಿಲ್ಲ ಎಂಬ ಲೆಕ್ಕ ನನ್ನದು. ಅವಳು ಇಂಕಿನ ಪ್ಯಾಡನ್ನು ಬದಿಗೆ ಸರಿಸಿ, ಮೊದಲು ಓದಿ ಹೇಳು ಅಂದಳು. ಓದಿದೆ. 'ಹನ್ನೊಂದು ತಿಂಗಳ ಅವಧಿಗೆ' ಎಂಬಲ್ಲಿ ಕೈ ಎತ್ತಿ ತಡೆದಳು.

'ಹನ್ನೆರಡನೇ ತಿಂಗಳು ಪಾಪ, ಆ ಮೇಷ್ಟ್ರು ಎಲ್ಲಿರಬೇಕು?'

ಇಡೀ ದೇಶ ಹಾಗೇ ಬರೆಯುತ್ತದಜ್ಜಿ, ವರ್ಷ ಮೀರಿದ ಅವಧಿಗೆ ಬರೆದರೆ 1908ರ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಬೇಕಾಗುತ್ತದೆ, ಸುಮ್ಮನೆ ಖರ್ಚು ಎಂದೆಲ್ಲ ವಿವರಿಸಿದೆ. ಅಜ್ಜಿ ಪೂರ್ತಿ ಕೇಳಿ, ಮೇಷ್ಟ್ರ ಕಡೆ ತಿರುಗಿ, 'ಗೇಣಿ ಚೀಟಿ ಅಂತ ಒಂದು ಕಾಗದವಾದರೂ ಇಟ್ಟುಕೊಂಡಿದ್ದೀಯಾ ಇಲ್ವಾ? ನಮ್ಮನೆಯವರು ಇಟ್ಟಿದ್ದಕ್ಕೇ ಗದ್ದೆ ಉಳಿದದ್ದು' ಎಂದಳು.

ಮೇಷ್ಟ್ರು ಸಮಾಜ ವಿಜ್ಞಾನದವರು. ಪ್ರತಿ ತಿಂಗಳ ಬಾಡಿಗೆ ರಸೀದಿಯನ್ನೂ ತಂತಿಗೆ ಪೋಣಿಸಿ ಇಟ್ಟಿದ್ದರಂತೆ. ಒಳಗೆ ಹೋಗಿ ಅದನ್ನು ತಂದು ಅಜ್ಜಿಯ ಕೈಗೆ ಕೊಟ್ಟರು. ಅಜ್ಜಿ ಒಂದೊಂದಾಗಿ ಮುಟ್ಟಿ ನೋಡಿ, ಅವರ ಪರವಾಗಿ ಹೆಬ್ಬೆಟ್ಟು ಒತ್ತಿದಳು. ಸಹಿ ಹಾಕುವ ಮುಂಚೆ ಮೇಷ್ಟ್ರು ಪೆನ್ನು ಮೇಲೆತ್ತಿ ಹಿಡಿದು, 'ಸಾರ್, ಅಡುಗೆಮನೆ ಸಿಂಕು ಕಟ್ಟಿಕೊಂಡಿದೆ' ಎಂದರು.

ನಾನು ಸ್ಕೂಟರಿನ ಡಿಕ್ಕಿ ತೆಗೆಯಲಿಕ್ಕೆ ಎದ್ದೆ.