ನಿಮ್ಮ ಪ್ರಣಯವನ್ನು ಬರೆದವರ ಪರವಾಗಿ: ಸ್ಪಾಕ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಸ್ಪಾಕ್ ಅವರೇ,

ನೀವು ವಲ್ಕನ್ ಗ್ರಹದವರು, ಭಾವನೆಗಳನ್ನು ಹತೋಟಿಯಲ್ಲಿಟ್ಟು ತರ್ಕವನ್ನೇ ನಂಬಿ ಬಾಳುವವರು. ನಿಮ್ಮನ್ನೂ ನಿಮ್ಮ ಅಂತರಿಕ್ಷ ನೌಕೆಯ ಕ್ಯಾಪ್ಟನ್ ಕರ್ಕ್ ಅವರನ್ನೂ ಪ್ರೇಮಿಗಳಾಗಿ ಕಲ್ಪಿಸಿ, ಒಂದೇ ಹಾಸಿಗೆಗೆ ಕರೆತಂದು, ಐದು ದಶಕಗಳಿಂದ ಜನ ಕಥೆ ಬರೆಯುತ್ತಿದ್ದಾರೆ. ಬರೆಯುವವರಲ್ಲಿ ಬಹುಪಾಲು ಹೆಂಗಸರು. ಅವರನ್ನು ಗೇಲಿ ಮಾಡಿದವರಿಗೆ ಲೆಕ್ಕವಿಲ್ಲ. ಗೇಲಿ ಮಾಡುವವರಿಗೆ ಕೇಳುವ ವ್ಯವಧಾನವಿರುವುದಿಲ್ಲ, ನಿಮಗಿದೆ. ಅದಕ್ಕೇ ಈ ಪತ್ರ ನಿಮಗೆ.

ಕಿಡಿ ಹೊತ್ತಿದ್ದು ನಿಮ್ಮಿಂದಲೇ. ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1966ರಿಂದ 1969ರವರೆಗೆ ಬಂದ ನಿಮ್ಮ ಧಾರಾವಾಹಿ ‘ಸ್ಟಾರ್ ಟ್ರೆಕ್’ ಒಟ್ಟು 79 ಕಂತು. 1967ರಲ್ಲಿ ಥಿಯೋಡರ್ ಸ್ಟರ್ಜನ್ ಬರೆದ ‘ಅಮೋಕ್ ಟೈಮ್’ ಕಂತಿನಲ್ಲಿ ನಿಮಗೆ ಪಾನ್ ಫಾರ್ ಬಡಿಯಿತು. ಏಳು ವರ್ಷಕ್ಕೊಮ್ಮೆ ವಲ್ಕನರ ರಕ್ತ ಕಾಯುವ ಕಾಲವದು. ಕೂಡದೆ ಹೋದರೆ ಸಾವು. ಆ ಉನ್ಮಾದದಲ್ಲಿ ಕರ್ಕ್ ಅವರ ಮೇಲೆಯೇ ಕೈಮಾಡಿದಿರಿ, ಅವರನ್ನು ಕೊಂದೆನೆಂದೇ ನಂಬಿ ನೌಕೆಗೆ ಮರಳಿದಿರಿ. ಅಲ್ಲಿ ಅವರು ಜೀವಂತವಾಗಿ ಎದುರಾದಾಗ ಎರಡೂ ತೋಳು ಹಿಡಿದು, ಹೆಸರು ಕೂಗಿ, ನಕ್ಕುಬಿಟ್ಟಿರಿ. ಮರುಕ್ಷಣವೇ ಸಾವರಿಸಿಕೊಂಡಿರಿ. ಆ ನಗು ಎಲ್ಲಿಂದ ಬಂತು, ಅಡಗಿಸಿಟ್ಟದ್ದಕ್ಕೆ ತೆತ್ತ ಬೆಲೆ ಎಷ್ಟು, ಆ ರಾತ್ರಿ ಒಬ್ಬರೇ ಕೋಣೆಗೆ ಹೋದಾಗ ಏನಾಯಿತು? ಧಾರಾವಾಹಿ ಇದಾವುದನ್ನೂ ಕೇಳದೆ ಮುಂದಿನ ಸಾಹಸಕ್ಕೆ ಹೊರಟಿತು. ನೋಡಿದವರು ಬರೆಯಲು ಕೂತರು.

ಅದೇ 1967ರಲ್ಲಿ ನಿಮ್ಮ ಹೆಸರನ್ನೇ ಹೊತ್ತ ‘ಸ್ಪಾಕನೇಲಿಯ’ ಎಂಬ ಅಭಿಮಾನಿ ಪತ್ರಿಕೆ ಹೊರಬಂತು. 1974ರಲ್ಲಿ ‘ಗ್ರಪ್’ ಪತ್ರಿಕೆಯಲ್ಲಿ ಡಯಾನ್ ಮಾರ್ಚಂಟ್ ಅವರ ಪುಟ್ಟ ಕಥೆಯೊಂದು ಅಚ್ಚಾಯಿತು. ಕೂಡುತ್ತಿರುವವರು ಯಾರೆಂದು ಅದರಲ್ಲಿ ಹೆಸರಿಸಿಲ್ಲ, ಸರ್ವನಾಮಗಳಷ್ಟೇ ಇವೆ. ಅಷ್ಟು ಅಂಜಿಕೆಯಿತ್ತು. ಆದರೂ ಓದುಗರಿಗೆ ಅದು ನೀವಿಬ್ಬರೇ ಎಂದು ತಿಳಿಯಿತು.

ಇಬ್ಬರು ಗಂಡಸರೇ ಯಾಕೆ ಎಂದು ನೀವು ಕೇಳಬಹುದು. ಆ ನೌಕೆಯಲ್ಲಿ ಹೆಂಗಸರ ಪಾಡು ನೆನಪಿಸಿಕೊಳ್ಳಿ. ಕ್ಯಾಪ್ಟನ್ ಮೋಹಿಸಿದ ಹೆಣ್ಣು ಕಂತು ಮುಗಿಯುವಷ್ಟರಲ್ಲಿ ಸತ್ತಿರುತ್ತಿದ್ದಳು, ಇಲ್ಲವೇ ಯಾವುದೋ ಗ್ರಹದಲ್ಲಿ ಹಿಂದುಳಿದಿರುತ್ತಿದ್ದಳು. ಕೆಲಸ, ಗೌರವ, ಜೀವಕ್ಕೆ ಜೀವ ಕೊಡುವ ಗೆಳೆತನ ಇವೆಲ್ಲ ಇದ್ದದ್ದು ನಿಮ್ಮಿಬ್ಬರ ನಡುವೆ. ಯಾರೂ ಯಾರಿಗೂ ತಗ್ಗದೆ, ಯಾರೂ ತನ್ನತನ ಬಿಟ್ಟುಕೊಡದೆ ಒಂದಾಗುವ ಕಾಮವನ್ನು ಬರೆಯಬೇಕೆಂದಿದ್ದ ಹೆಂಗಸಿಗೆ ಬೇರೆ ಜೋಡಿ ಎಲ್ಲಿತ್ತು? ವಿಜ್ಞಾನ ಕಾದಂಬರಿಗಾರ್ತಿ ಜೊಆನಾ ರಸ್ 1985ರಲ್ಲಿ ಈ ಕಥೆಗಳನ್ನು ಕುರಿತು ಪ್ರಬಂಧ ಪ್ರಕಟಿಸಿ, ತಾವೂ ಇವನ್ನು ಮನಸಾರೆ ಸವಿಯುವವರೆಂದು ಒಪ್ಪಿಕೊಂಡರು. ನನಗೆ ಅವರ ಧೈರ್ಯದ ಮೇಲೆ ಅಪಾರ ಗೌರವ.

ಇವು ಬರೀ ಹಾಸಿಗೆಯ ಕಥೆಗಳೆನ್ನುವವರು ಓದಿಲ್ಲ. ನಮ್ಮ ಕಾವ್ಯಮೀಮಾಂಸೆ ಶೃಂಗಾರವನ್ನು ಕೂಡುವ ಸಂಭೋಗ, ಅಗಲಿ ಹಂಬಲಿಸುವ ವಿಪ್ರಲಂಭ ಎಂದು ಎರಡಾಗಿಸಿತು. ಈ ಬರಹಗಾರ್ತಿಯರ ಪುಟಗಳಲ್ಲಿ ಹೆಚ್ಚು ಜಾಗ ವಿಪ್ರಲಂಭಕ್ಕೇ. ನೂರು ಪುಟ ಕಾದ ಮೇಲೆ ಬೆರಳಿಗೆ ಬೆರಳು ತಾಗುತ್ತದೆ. ಓದುಗರಿಗೆ ನೀವಿಬ್ಬರೂ ಮೊದಲೇ ಗೊತ್ತು, ಆದ್ದರಿಂದಲೇ ಆ ಸ್ಪರ್ಶಕ್ಕೆ ಅಷ್ಟು ತೂಕ. ಅಪರಿಚಿತ ದೇಹಗಳ ವರ್ಣನೆ ಅದನ್ನು ಕೊಡಲಾರದು. 1982ರ ‘ಸ್ಟಾರ್ ಟ್ರೆಕ್’ ಸಿನಿಮಾದಲ್ಲಿ ಗಾಜಿನ ಈಚೆ ಕರ್ಕ್, ಆಚೆ ನೀವು; ಗಾಜಿಗೆ ಕೈ ಒತ್ತಿ ಬೀಳ್ಕೊಂಡು ನೀವು ಸತ್ತಿರಿ. ಎಷ್ಟೋ ಜನ ಆ ಗಾಜನ್ನು ಒಡೆಯಲೆಂದೇ ಲೇಖನಿ ಹಿಡಿದಿದ್ದಾರೆ. ಇದನ್ನು ಚಪಲವೆನ್ನಲು ನನಗೆ ಬಾಯಿ ಬಾರದು.

ಎಲ್ಲ ಕಥೆಗಳೂ ಒಳ್ಳೆಯವೆಂದು ವಾದಿಸುತ್ತಿಲ್ಲ. ಪಾನ್ ಫಾರ್‌ನ ನೆಪದಲ್ಲಿ ಬಲಾತ್ಕಾರವನ್ನೇ ಪ್ರೇಮವೆಂದು ತೋರಿಸಿದವೂ ಇವೆ. ಅವು ನನ್ನನ್ನು ನೋಯಿಸಿವೆ. ನಿಜವಾದ ಸಲಿಂಗ ಪ್ರೇಮಿಗಳ ಬಾಳು ಇಲ್ಲಿ ಬರೀ ಅಲಂಕಾರವಾಗಿದೆ ಎಂಬ ದೂರಿನಲ್ಲೂ ಹುರುಳಿದೆ. ಆದರೆ ಈ ಸಮುದಾಯ ಕಣ್ಣು ಮುಚ್ಚಿ ಕೂತಿಲ್ಲ. ಅಭಿಮಾನಿಗಳೇ 2007ರಲ್ಲಿ ಲಾಭದಾಸೆಯಿಲ್ಲದ ಸಂಸ್ಥೆ ಕಟ್ಟಿ, ಆಮೇಲೆ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಅಂತರ್ಜಾಲದ ಕಥಾಭಂಡಾರವನ್ನು ತೆರೆದರು. ಅಲ್ಲಿ ಕಥೆಯಲ್ಲಿ ಬಲಾತ್ಕಾರವೋ ಘೋರ ಹಿಂಸೆಯೋ ಇದ್ದರೆ ಮೊದಲೇ ಎಚ್ಚರಿಸಬೇಕು, ಇಲ್ಲವೇ ಎಚ್ಚರಿಕೆ ಕೊಡುತ್ತಿಲ್ಲವೆಂದು ಬರೆದವರು ಸ್ಪಷ್ಟಪಡಿಸಬೇಕು. ಎಷ್ಟು ಪ್ರಕಾಶಕರು ಓದುಗರಿಗೆ ಈ ಮರ್ಯಾದೆ ತೋರುತ್ತಾರೆ? 2019ರಲ್ಲಿ ಆ ಭಂಡಾರಕ್ಕೆ ಹ್ಯೂಗೋ ಪ್ರಶಸ್ತಿ ಬಂತು. ದುಡ್ಡಿಲ್ಲ, ಸಂಭಾವನೆಯಿಲ್ಲ, ಒಬ್ಬಳು ಬರೆದದ್ದನ್ನು ಇನ್ನೊಬ್ಬಳು ರಾತ್ರಿಯೆಲ್ಲ ಓದಿ ಬೆಳಿಗ್ಗೆ ಉತ್ತರಿಸುತ್ತಾಳೆ.

ಪ್ರಶಸ್ತಿ ಬಂದರೂ ಅವರಲ್ಲಿ ಬಹಳ ಮಂದಿ ಇಂದಿಗೂ ಗುಪ್ತನಾಮದಲ್ಲೇ ಬರೆಯುತ್ತಾರೆ. ಕೆಲಸ ಹೋದೀತು, ಮನೆಯಲ್ಲಿ ತಿಳಿದೀತು ಎಂಬ ಭಯ. ಪ್ರೀತಿಯನ್ನು ಮುಚ್ಚಿಟ್ಟು ಕರ್ತವ್ಯ ಮಾಡುವುದು ಎಷ್ಟು ಕಷ್ಟವೆಂದು ನಿಮಗೆ ಯಾರೂ ಹೇಳಬೇಕಿಲ್ಲ. ಆದ್ದರಿಂದ ನೀವಾದರೂ ಅವರ ಮೇಲೆ ಹುಬ್ಬೇರಿಸಬೇಡಿ.

ಇಂತಿ,
ಅವರ ಓದುಗರಲ್ಲೊಬ್ಬಳು